ನೀವು ಕೇಳಿದ್ದೀರಿ: ಒಂದೇ ಮಾತನ್ನು ಹತ್ತು ಸಲ ಹೇಳಿದರೆ ನಗು ಬರುತ್ತದೆಯೇ?

ಪ್ರಶ್ನೆ: ಸ್ಟುವರ್ಟ್ ಲೀ ಎಂಬ ಬ್ರಿಟಿಷ್ ಸ್ಟ್ಯಾಂಡಪ್ ಕಲಾವಿದನ ವಿಡಿಯೋ ನೋಡಿ ನನ್ನ ಮಗ ಬಿದ್ದು ಬಿದ್ದು ನಗುತ್ತಾನೆ. ನನಗೆ ಆತ ಒಂದೇ ವಾಕ್ಯ ಹಿಡಿದು ಕೊರೆಯುವಂತೆ ಕಾಣುತ್ತದೆ. ಇದರಲ್ಲಿ ನಗುವಂಥದ್ದೇನಿದೆ?
– ಓದುಗರು, ಬಸವನಗುಡಿ

ಉತ್ತರ: ಕೊರೆಯುವುದು ನಿಜ, ಬೇಕೆಂದೇ ಕೊರೆಯುತ್ತಾನೆ. ಮೊದಲ ಸಲ ಹೇಳಿದಾಗ ಸಭೆ ನಗುತ್ತದೆ. ಮೂರನೆಯ ಸಲಕ್ಕೆ ನಗು ಇಳಿಯುತ್ತದೆ. ಐದಾರನೆಯದಕ್ಕೆ ಕುರ್ಚಿಗಳಲ್ಲಿ ಮಿಸುಕಾಟ ಶುರು. ಬೇರೆಯವರಾದರೆ ಇಲ್ಲಿ ಹೆದರಿ ಮುಂದಿನ ಜೋಕಿಗೆ ಹಾರುತ್ತಾರೆ. ಲೀ ಒಂದು ಪದ ಬದಲಿಸಿ, ದನಿ ತಗ್ಗಿಸಿ ಮತ್ತೆ ಅದನ್ನೇ ಹೇಳುತ್ತಾನೆ. ‘ಈ ಮನುಷ್ಯ ನಿಲ್ಲಿಸುವುದಿಲ್ಲ’ ಎಂದು ಸಭೆಗೆ ಖಾತ್ರಿಯಾದಾಗ ನಗು ವಾಪಸ್ ಬರುತ್ತದೆ, ಮೊದಲಿಗಿಂತ ಜೋರಾಗಿ. ಈಗ ಜನ ನಗುವುದು ಮಾತಿಗಲ್ಲ, ಅವನ ಹಟಕ್ಕೆ. ಸಾಲದ್ದಕ್ಕೆ, ನಗದೆ ಕೂತವರನ್ನು ಅರ್ಥವಾಗಲಿಲ್ಲವೇ ಎಂದು ಗದರುತ್ತಾನೆ; ಆಗ ನಗಬೇಕೋ ಬೇಡವೋ ಎಂಬ ಮುಜುಗರವೂ ನಗುವಿಗೇ ಸೇರಿಕೊಳ್ಳುತ್ತದೆ.

ಎರಡು ನಿಮಿಷದ ತುಣುಕು ನೋಡಿದವರಿಗೆ ಇದು ದಕ್ಕುವುದಿಲ್ಲ. ಏರಿಳಿತಕ್ಕೆ ಕಾಲಾವಕಾಶವೇ ಅಲ್ಲಿರುವುದಿಲ್ಲ. ಬಿಬಿಸಿ 2ರಲ್ಲಿ 2009ರಿಂದ 2016ರವರೆಗೆ ನಾಲ್ಕು ಸರಣಿಗಳಾಗಿ ಬಂದ ‘ಕಾಮಿಡಿ ವೆಹಿಕಲ್’ನ ಅರ್ಧ ಗಂಟೆಯ ಒಂದು ಕಂತನ್ನು ಪೂರ್ತಿ ನೋಡಿ. ಎರಡನೆಯ ಸರಣಿಯಿಂದ ಶುರು ಮಾಡುವುದು ವಾಸಿ. ಅದರಲ್ಲಿ ನಡುನಡುವೆ ಹಾಸ್ಯ ಬರಹಗಾರ ಅರ್ಮಾಂಡೊ ಇಯಾನೂಚಿ ಎದುರಿಗೆ ಕೂತು ‘ಇದೂ ಒಂದು ಹಾಸ್ಯವೇ’ ಎಂಬ ಧಾಟಿಯಲ್ಲಿ ಲೀಯ ಬೆವರಿಳಿಸುತ್ತಾರೆ. ನಿಮ್ಮ ತಕರಾರನ್ನೇ ಅವರೂ ಎತ್ತುತ್ತಾರೆ. ಅಷ್ಟಾದ ಮೇಲೂ ನಗು ಬರದಿದ್ದರೆ ಬಿಟ್ಟುಬಿಡಿ. ಲೀಯನ್ನು ಸಹಿಸದವರು ಇಂಗ್ಲೆಂಡಿನಲ್ಲೂ ಬೇಕಾದಷ್ಟಿದ್ದಾರೆ.

ಪ್ರಶ್ನೆ: ಬ್ರಿಟಿಷ್ ಸ್ಟ್ಯಾಂಡಪ್ ನೋಡಬೇಕೆಂದಿದ್ದೇನೆ. ಯಾರಿಂದ ಶುರು ಮಾಡಲಿ?
– ಓದುಗರು, ರಾಜಾಜಿನಗರ

ಉತ್ತರ: ಕನ್ನಡದಲ್ಲಿ ನಿಮ್ಮನ್ನು ಯಾವುದು ನಗಿಸುತ್ತದೆ ಎಂಬುದರ ಮೇಲೆ ಹೋಗುತ್ತದೆ. ಕೈಲಾಸಂ ಥರದ ಶಬ್ದಚೇಷ್ಟೆ ಇಷ್ಟವಾದರೆ ಟಿಮ್ ವೈನ್. 2004ರಲ್ಲಿ ಒಂದು ಗಂಟೆಗೆ 499 ಜೋಕ್ ಹೇಳಿ ಗಿನ್ನೆಸ್ ದಾಖಲೆ ಮಾಡಿದವರು, ಅಂದರೆ ಸುಮಾರು ಏಳು ಸೆಕೆಂಡಿಗೊಂದು. ಒಂದೇ ಪಟ್ಟಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಬೇಡಿ, ಕಿವಿ ಜಡ್ಡುಗಟ್ಟುತ್ತದೆ. ಹರಿಕಥೆಯಲ್ಲಿ ದಾಸರು ಉಪಕಥೆಗೆ ಜಾರಿ ಮೂಲಕಥೆ ಮರೆಸುವುದು ಇಷ್ಟವೇ? ಹಾಗಾದರೆ ಬಿಲ್ಲಿ ಕಾನಲಿ. ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು, ಆಮೇಲೆ ಬ್ಯಾಂಜೊ ಹಿಡಿದು ಜಾನಪದ ಗಾಯಕರಾದರು. ಹಾಡುಗಳ ನಡುವಿನ ಮಾತು ಬೆಳೆದೂ ಬೆಳೆದೂ ಹಾಡನ್ನೇ ನುಂಗಿಹಾಕಿತು. ಉಚ್ಚಾರಣೆ ಕಷ್ಟ, ಸಬ್‌ಟೈಟಲ್ ಹಾಕಿಕೊಳ್ಳಿ. ಮಾಸ್ಟರ್ ಹಿರಣ್ಣಯ್ಯನವರು ನಾಟಕ ಬಿಟ್ಟು ಮಂತ್ರಿಗಳನ್ನು ತರಾಟೆಗೆ ತೆಗೆದುಕೊಂಡಾಗ ಚಪ್ಪಾಳೆ ಹೊಡೆದವರಿಗೆ ಅಲೆಕ್ಸಿ ಸೇಲ್. 1979ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಮಿಡಿ ಸ್ಟೋರ್ ಎಂಬ ಹಾಸ್ಯ ಕ್ಲಬ್ ತೆರೆದಾಗ ಅಲ್ಲಿನ ಮೊದಲ ನಿರೂಪಕ ಅವರೇ. ಸಭೆಗೆ ಬೇಸರವಾದರೆ ಜಾಗಟೆ ಬಾರಿಸಿ ಕಲಾವಿದನನ್ನು ಇಳಿಸುತ್ತಿದ್ದ ಜಾಗ ಅದು.

ಜಿಮ್ಮಿ ಕಾರ್ ಅವರನ್ನು ಮಾತ್ರ ಅಪ್ಪ-ಅಮ್ಮನ ಜೊತೆ ಕೂತು ನೋಡಬೇಡಿ.

ಪ್ರಶ್ನೆ: ಸಭಾಂಗಣದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕ ಕಾರ್ಯಕ್ರಮವನ್ನೇ ಫೋನಿನಲ್ಲಿ ನೋಡಿದರೆ ನಗುವೇ ಬರುವುದಿಲ್ಲ. ಯಾಕೆ?
– ಓದುಗರು, ಮಲ್ಲೇಶ್ವರ

ಉತ್ತರ: ಒಬ್ಬರೇ ಇದ್ದಾಗಿಗಿಂತ ಜನರ ನಡುವೆ ನಾವು ನಗುವುದು ಸುಮಾರು 30 ಪಟ್ಟು ಹೆಚ್ಚು ಎಂದು ಅಮೆರಿಕದ ಸಂಶೋಧಕ ರಾಬರ್ಟ್ ಪ್ರೊವೈನ್ ಕಂಡುಕೊಂಡಿದ್ದರು. ಇಯರ್‌ಫೋನ್ ತೆಗೆದು, ಜೊತೆಗೆ ಒಬ್ಬರನ್ನು ಕೂರಿಸಿಕೊಂಡು, ನಡುವೆ ನಿಲ್ಲಿಸದೆ ನೋಡಿ.

ಪ್ರಶ್ನೆ: ಕೋರಮಂಗಲದ ಒಂದು ಓಪನ್ ಮೈಕಿನಲ್ಲಿ (ಹೊಸಬರೂ ವೇದಿಕೆ ಏರಬಹುದಾದ ಕಾರ್ಯಕ್ರಮ) ಬ್ರಿಟಿಷ್ ಶೈಲಿಯ ಒನ್‌ಲೈನರ್‌ಗಳನ್ನು, ಅಂದರೆ ಒಂದೆರಡು ಸಾಲಿನ ಜೋಕುಗಳನ್ನು, ಕನ್ನಡದಲ್ಲಿ ಹೇಳಿದೆ. ಒಬ್ಬರೂ ನಗಲಿಲ್ಲ. ಎಲ್ಲಿ ಎಡವಿದೆ?
– ಓದುಗರು, ಬಿಟಿಎಂ ಲೇಔಟ್

ಉತ್ತರ: ನೀವು ಬರೆದು ಕಳಿಸಿದ ಬಾಡಿಗೆ ಮನೆಯ ಜೋಕನ್ನೇ ತೆಗೆದುಕೊಳ್ಳೋಣ. ‘ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ರು, ಮಗು ಕೊಡೋಕೆ ದೇವರೇ ಒಂಬತ್ತು ತಿಂಗಳು ತಗೊಳ್ಳೋದಲ್ವಾ ಸಾರ್ ಅಂತ ನಾನು ಅವರನ್ನ ಕೇಳಿದೆ.’ ಸರಕು ಚೆನ್ನಾಗಿದೆ. ನಗು ಇರುವುದು ‘ಒಂಬತ್ತು’ ಎಂಬಲ್ಲಿ. ಅದಾದ ಮೇಲೂ ನೀವು ಏಳು ಪದ ಮಾತಾಡಿದ್ದೀರಿ. ಬಾಯಿ ತೆರೆದವರು ನಿಮ್ಮ ಮಾತು ಮುಗಿಯಲೆಂದು ಕಾಯುತ್ತಾರೆ, ಅಷ್ಟರಲ್ಲಿ ನಗು ಆರಿರುತ್ತದೆ. ಇಂಗ್ಲಿಷಿನಲ್ಲಿ ಬೇಕಾದ ಪದ ತಾನಾಗಿ ಕೊನೆಗೆ ಬೀಳುವುದು ಸುಲಭ. ಕನ್ನಡದಲ್ಲಿ ಆ ಜಾಗಕ್ಕೆ ಕ್ರಿಯಾಪದ ಬಂದು ಕೂರುತ್ತದೆ, ಹಾಗಾಗಿ ವಾಕ್ಯವನ್ನು ತಿರುಗಿಸಬೇಕು: ‘ಓನರ್ ಅಡ್ವಾನ್ಸ್ ಹತ್ತು ತಿಂಗಳದ್ದು ಅಂದ್ರು. ಸಾರ್, ಮಗು ಕೊಡೋಕೆ ದೇವರೇ ತಗೊಳ್ಳೋದು ಒಂಬತ್ತು.’ ಇಲ್ಲಿಗೆ ಬಾಯಿ ಮುಚ್ಚಿ. ನಗು ತುದಿ ಮುಟ್ಟಿ ಇಳಿಯತೊಡಗಿದಾಗ, ಪೂರ್ತಿ ಆರುವ ಮೊದಲು, ಬಾಲ ಸೇರಿಸಿ: ‘ಅದೂ ಪೇಂಟಿಂಗ್ ಚಾರ್ಜ್ ಹಿಡ್ಕೊಳ್ದೆ.’ ಹೊಸ ಪೀಠಿಕೆಯಿಲ್ಲದೆ ಎರಡನೆಯ ನಗು.

ಇನ್ನು, ಐದು ನಿಮಿಷಕ್ಕೆ ಎಂಟು ನೂರು ಪದ ಬರೆದಿದ್ದೀರಿ. ಕನ್ನಡದಲ್ಲಿ ನಾನ್ನೂರು ಸಾಕು, ಉಳಿದದ್ದು ನಗುವವರ ಸಮಯ. ಬರೀ ಒನ್‌ಲೈನರ್ ಸುರಿದರೆ ಮೂರನೆಯ ನಿಮಿಷಕ್ಕೆ ಸಭೆ ಸುಸ್ತಾಗುತ್ತದೆ; ನಡುವೆ ಒಂದು ನಿಮಿಷದ ಪ್ರಸಂಗವೊಂದಿರಲಿ. ಮೈಕ್ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಮೈಕು ಬಾಯಿಗೆ ಎರಡು-ಮೂರು ಇಂಚು ದೂರದಲ್ಲಿರಲಿ. ಕೊನೆಯ ಪದಕ್ಕೆ ಬಂದಾಗ ಕೈ ಇಳಿಸುವುದು ಹೊಸಬರೆಲ್ಲರ ಚಟ, ಸಭೆಗೆ ಕೇಳಬೇಕಾದ ಪದವೇ ಕೇಳುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಫೋನನ್ನು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳದೆ ಹಿಂದಿನ ಸಾಲಿನಲ್ಲಿಡಿ. ಎಲ್ಲಿ ನಕ್ಕರು ಎಂಬುದು ವೇದಿಕೆಯ ಮೇಲೆ ಸರಿಯಾಗಿ ಕೇಳಿಸುವುದಿಲ್ಲ, ಅಲ್ಲಿಂದ ಕೇಳಿಸುತ್ತದೆ.