ಜ್ಞಾನ ಸಾಮಾಜಿಕ ಎಂದರೆ ಹೊರಗಿನ ಜಗತ್ತು ಇಲ್ಲವೆಂದೇ?

ನೀವು ಕೇಳಿದ್ದು: ವೈಜ್ಞಾನಿಕ ಜ್ಞಾನಕ್ಕೂ ಸಾಮಾಜಿಕ ಕಾರಣಗಳಿವೆ ಎನ್ನುವ ಸಮಾಜಶಾಸ್ತ್ರಜ್ಞರು ಹೊರಗಿನ ಜಗತ್ತನ್ನೇ ಅಲ್ಲಗಳೆದಂತಾಗಲಿಲ್ಲವೇ, ಈ ಜಗಳದಲ್ಲಿ ಜರ್ಮನ್ ತತ್ತ್ವಜ್ಞಾನಿ ಹೈಡೆಗರ್‌ನಂಥ ಅಸ್ತಿತ್ವವಾದಿಗೆ ಏನು ಕೆಲಸ? (ಅವನಿಗೆ ಆ ಹಣೆಪಟ್ಟಿ ಇಷ್ಟವಿರಲಿಲ್ಲ, ಅದಿರಲಿ.) ಆ ಸಮಾಜಶಾಸ್ತ್ರಜ್ಞರು ಜಗತ್ತನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಅನ್ನಿಸುವುದು ಯಾಕೆಂದು ತಿಳಿಯಬೇಕಾದರೆ ಹೈಡೆಗರ್ ಬೇಕೇ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಮೊದಲು ಎಡಿನ್‌ಬರೋದ ಸಮಾಜಶಾಸ್ತ್ರಜ್ಞ ಡೇವಿಡ್ ಬ್ಲೂರ್. 1976ರಲ್ಲಿ ಅವರು ಮುಂದಿಟ್ಟ ‘ಸ್ಟ್ರಾಂಗ್ ಪ್ರೋಗ್ರಾಂ’ನ ಮುಖ್ಯ ಬೇಡಿಕೆ ಸರಳ: ಒಂದು ನಂಬಿಕೆ ಸರಿಯಿರಲಿ ತಪ್ಪಿರಲಿ, ಜನ ಅದನ್ನು ಯಾಕೆ ನಂಬಿದರು ಎಂಬುದಕ್ಕೆ ಒಂದೇ ಬಗೆಯ ಕಾರಣಗಳನ್ನು ಹುಡುಕಿ. ಗೆದ್ದ ಸಿದ್ಧಾಂತಕ್ಕೆ ‘ಅದು ನಿಜ, ಅದಕ್ಕೇ ಒಪ್ಪಿದರು’ ಎಂದು ಹೇಳಿ, ಸೋತದ್ದಕ್ಕೆ ಮಾತ್ರ ಪೂರ್ವಗ್ರಹ, ರಾಜಕೀಯ, ಧರ್ಮ ಎಂದು ಕಾರಣ ಕೊಡುವುದು ರೂಢಿಯಾಗಿತ್ತು. ಒಂದೇ ನಿಸರ್ಗವನ್ನು ನೋಡಿದ ಇಬ್ಬರು ಜಾಣರು ಬೇರೆ ಬೇರೆ ತೀರ್ಮಾನಕ್ಕೆ ಬಂದಾಗ ‘ನಿಸರ್ಗ ಹಾಗಿದೆ’ ಎಂಬ ಮಾತೊಂದರಿಂದ ಆ ವ್ಯತ್ಯಾಸ ಬಿಡಿಸಲಾಗದು. ಭೌತಿಕ ಜಗತ್ತು ಇದೆ ಎಂದು ಬ್ಲೂರ್ ಒಪ್ಪಿಕೊಂಡೇ ಹೊರಟಿದ್ದಾರೆ.

ಆದರೂ ಓದುವವರಿಗೆ ದಿಗಿಲಾಗುತ್ತದೆ. ಕಾರಣ, ನಮ್ಮ ತಲೆಯಲ್ಲಿ ಬೇರೂರಿದ ಒಂದು ಚಿತ್ರ: ಮನಸ್ಸು ಒಳಗೆ, ಜಗತ್ತು ಹೊರಗೆ. ಇವೆರಡರ ನಡುವೆ ಸಮಾಜವನ್ನು ತಂದಿಟ್ಟರೆ ಅದು ಪರದೆಯಂತೆ ಕಾಣುವುದು ಸಹಜ. ಹೊರಗಿನ ಜಗತ್ತು ಇದೆ ಎಂಬುದಕ್ಕೆ ಇನ್ನೂ ಪುರಾವೆ ಸಿಕ್ಕಿಲ್ಲದಿರುವುದು ತತ್ತ್ವಶಾಸ್ತ್ರಕ್ಕೆ ನಾಚಿಕೆಗೇಡು ಎಂದು 1787ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಬರೆದ. ಅಂಥ ಪುರಾವೆಯನ್ನು ಮತ್ತೆ ಮತ್ತೆ ನಿರೀಕ್ಷಿಸುವುದೇ ನಾಚಿಕೆಗೇಡು ಎಂದು 1927ರ ‘ಬೀಯಿಂಗ್ ಅಂಡ್ ಟೈಮ್’ ಪುಸ್ತಕದಲ್ಲಿ ಹೈಡೆಗರ್ ತಿರುಗಿ ಹೇಳಿದ. ಹಾಗೆ ಸಂಶಯಪಡುವವನೂ ಈಗಾಗಲೇ ಜಗತ್ತಿನೊಳಗೇ, ಇತರರ ಜೊತೆಗೇ ಇದ್ದಾನೆ.

ಹೈಡೆಗರನ ಸುತ್ತಿಗೆಯ ಉದಾಹರಣೆ ನೋಡಿ. ಕೆಲಸದ ನಡುವೆ ‘ಈ ಸುತ್ತಿಗೆ ಬಲು ಭಾರ’ ಅಂದರೆ, ಈ ಕೆಲಸಕ್ಕೆ ಇದು ಒಗ್ಗುವುದಿಲ್ಲ, ಬೇರೆ ಕೊಡು ಎಂದರ್ಥ. ಅದೇ ಮಾತನ್ನು ಭೌತವಿಜ್ಞಾನಿ ಆಡಿದರೆ ಕೆಲಸವೂ ಕೆಲಸಗಾರನೂ ಹಿಂದೆ ಸರಿದು, ತೂಕವುಳ್ಳ ಒಂದು ವಸ್ತು ಉಳಿಯುತ್ತದೆ. ಸುತ್ತಿಗೆ ಬದಲಾಗಿಲ್ಲ, ನಾವು ಅದರೊಡನೆ ಇರುವ ರೀತಿ ಬದಲಾಗಿದೆ. ಆ ಹೊಸ ರೀತಿಯೂ ತಾನಾಗಿ ಬರುವಂಥದ್ದಲ್ಲ, ಕಲಿತು ಬರಬೇಕು. ಯಾರಿಂದ, ಹೇಗೆ ಕಲಿಯುತ್ತಾರೆ ಎಂಬಲ್ಲಿ ಹೈಡೆಗರ್ ಬಹುಮಟ್ಟಿಗೆ ಮೌನಿ. ಅಲ್ಲಿಂದ ಮುಂದಕ್ಕೆ ಸಮಾಜಶಾಸ್ತ್ರಜ್ಞರು ದಾರಿ ತೋರಿಸುತ್ತಾರೆ.

ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಬಹಳ ಪ್ರಿಯ. ನೀಲಮಣಿಯ ಹರಳನ್ನು ಕಂಪಿಸುವಂತೆ ಮಾಡಿದರೆ ಅದು ಎಷ್ಟು ಹೊತ್ತು ಮೊಳಗುತ್ತಿರುತ್ತದೆ ಎಂಬ ಅಳತೆ ಅದು. ಗುರುತ್ವ ಅಲೆಗಳನ್ನು ಹಿಡಿಯುವ ಉಪಕರಣಕ್ಕೆ ಈ ಗುಣ ಮುಖ್ಯ. ಮಾಸ್ಕೋದ ವಿಜ್ಞಾನಿಗಳಿಗೆ ಸಿಕ್ಕ ದೀರ್ಘ ಮೊಳಗಿನ ಫಲಿತಾಂಶ ಪಶ್ಚಿಮದವರಿಗೆ ಸುಮಾರು 20 ವರ್ಷ ದಕ್ಕಲಿಲ್ಲ. ಪ್ರಬಂಧಗಳು ಕೈಯಲ್ಲಿದ್ದವು, ಉಪಕರಣಗಳೂ ಇದ್ದವು. ಕೊನೆಗೆ ಗ್ಲಾಸ್ಗೋದವರು ಮಾಸ್ಕೋದವರ ಜೊತೆ ನಿಂತು ಕೆಲಸ ಮಾಡಿದ ಮೇಲೆಯೇ ಅದು ಸಾಧ್ಯವಾದದ್ದು. ಹರಳನ್ನು ತೂಗುಹಾಕುವ ಸಪೂರ ಎಳೆಗೆ ಜಿಡ್ಡು ಸವರಬೇಕು, ಆದರೆ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಎಳೆಯನ್ನು ಮೂಗಿನ ಮೇಲೆ ಒಮ್ಮೆ ಎಳೆದು ಮೈಯ ಜಿಡ್ಡನ್ನೇ ಹತ್ತಿಸುವುದೂ ಅವರಿಗೆ ತಿಳಿದ ಒಂದು ವಿಧಾನ. ಇಂಥದ್ದು ಪಕ್ಕದಲ್ಲಿ ನಿಂತು ನೋಡದೆ ಹೇಗೆ ಬಂದೀತು? ಜೊತೆಗೆ, ಮಾಸ್ಕೋದವರ ಮಾತನ್ನು ನಂಬಬಹುದು ಎಂಬ ವಿಶ್ವಾಸವೂ ಬೇಕಿತ್ತು. ಅದಿಲ್ಲದಿದ್ದರೆ ಕೆಲವು ಸಲ ಸೋತೊಡನೆ ಕೈಬಿಡುತ್ತಿದ್ದರು.

ಇಲ್ಲಿ ಸಮಾಜ ಪರದೆಯಾಗಿದೆಯೇ? ಗ್ಲಾಸ್ಗೋದವರು ನೀಲಮಣಿಯ ಹತ್ತಿರ ಹೋದದ್ದೇ ಮಾಸ್ಕೋದವರ ಮೂಲಕ. ‘ಹಾಗಾದರೆ ಬಹುಮತ ಹೇಳಿದ್ದೇ ಸತ್ಯವೇ’ ಎಂಬ ಅಳುಕಿಗೂ ಇಲ್ಲೇ ಉತ್ತರವಿದೆ: ಎಲ್ಲರೂ ಕೈ ಎತ್ತಿದರೆಂದು ಹರಳು ಹೆಚ್ಚು ಹೊತ್ತು ಮೊಳಗುವುದಿಲ್ಲ. ಆದರೆ ಯಾವ ಪ್ರಯೋಗ ಸರಿಯಾಗಿ ನಡೆದದ್ದು, ಯಾವುದು ಕೆಟ್ಟದ್ದು ಎಂದು ಗುರುತಿಸುವ ಕಣ್ಣು ಬರುವುದು ಒಡನಾಟದಿಂದ.

ಹೈಡೆಗರ್ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಮನುಷ್ಯ ಸದಾ ಇತರರ ಜೊತೆ ಇರುವವನು ಎಂದು ಅಷ್ಟು ಚೆನ್ನಾಗಿ ತೋರಿಸಿದವನು, ಅದೇ ‘ಬೀಯಿಂಗ್ ಅಂಡ್ ಟೈಮ್’ನ ಕೊನೆಯ ಭಾಗದಲ್ಲಿ ಒಂದು ಜನಾಂಗದ ವಿಧಿಯ ಮಾತಿಗೆ ಜಾರುತ್ತಾನೆ. 1933ರಲ್ಲಿ ನಾಜಿ ಪಕ್ಷ ಸೇರಿದ. ಇವೆರಡನ್ನೂ ಮರೆತು ಅವನನ್ನು ಓದಲು ನನಗಾಗುವುದಿಲ್ಲ. ‘ಇತರರು’ ಎಂದರೆ ಹೆಸರು, ಕಸುಬು, ಭಿನ್ನಾಭಿಪ್ರಾಯ ಇರುವ ನಿರ್ದಿಷ್ಟ ಮನುಷ್ಯರು ಎಂದು ಮತ್ತೆ ಮತ್ತೆ ನೆನಪಿಸುವ ಸಮಾಜಶಾಸ್ತ್ರಜ್ಞರು ಈ ವಿಚಾರದಲ್ಲಿ ಅವನಿಗಿಂತ ವಾಸಿ.

ಓದುವುದಾದರೆ ‘ಬೀಯಿಂಗ್ ಅಂಡ್ ಟೈಮ್’ ಪುಸ್ತಕವನ್ನು ಮೊದಲ ಪುಟದಿಂದ ಹಿಡಿಯಬೇಡಿ. 13ನೆಯ ವಿಭಾಗ, ಆಮೇಲೆ ಕಾಂಟ್ ಬಗ್ಗೆ ಹೇಳುವ 43, ಸುತ್ತಿಗೆಯಿಂದ ವಿಜ್ಞಾನಕ್ಕೆ ಬರುವ 69. ಇವು ಮುಗಿದ ಮೇಲೆ ಬ್ಲೂರ್ ಅವರ 1976ರ ಪುಸ್ತಕ ‘ನಾಲೆಡ್ಜ್ ಅಂಡ್ ಸೋಷಿಯಲ್ ಇಮೇಜರಿ’ಯ ಮೊದಲ ಅಧ್ಯಾಯ ಓದಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಕೂಡಿ ನೋಡೋಣ.