ಸ್ಟ್ರೆಚಿಂಗ್ ಒಂದೇ ಸಾಲದು

ದಿನಾ ಸ್ಟ್ರೆಚಿಂಗ್ ಮಾಡಿದರೂ ಫುಟ್‌ಬಾಲ್ ಆಡುವಾಗ ತೊಡೆಯ ಹಿಂಭಾಗ ಪದೇ ಪದೇ ಹಿಡಿದುಕೊಳ್ಳುತ್ತದೆ ಅಂದಿದ್ದೀರಿ. ಸ್ಟ್ರೆಚಿಂಗ್ ತಪ್ಪಲ್ಲ, ಆದರೆ ಇಲ್ಲಿ ಬೇಕಿರುವುದು ಬಲ. ಜೋರಾಗಿ ಓಡುವಾಗ, ಪಾದ ನೆಲ ಮುಟ್ಟುವ ಸ್ವಲ್ಪ ಮುಂಚೆ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಉದ್ದವಾಗುತ್ತಲೇ ಕಾಲನ್ನು ತಡೆದು ಹಿಡಿಯಬೇಕು. ಹೆಚ್ಚಾಗಿ ಪೆಟ್ಟಾಗುವುದು ಆಗಲೇ. ಅದಕ್ಕೆ ನಾರ್ಡಿಕ್ ಕರ್ಲ್ ಅನ್ನುವ ವ್ಯಾಯಾಮ ಶುರುಮಾಡಿ. ಮಂಡಿಯೂರಿ, ಹಿಂದಿನಿಂದ ಯಾರಾದರೂ ನಿಮ್ಮ ಹಿಮ್ಮಡಿ ಒತ್ತಿ ಹಿಡಿದಿರಲಿ. ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ಕೊನೆಗೆ ಕೈ ಊರಿ. ಫಿಫಾದ 11+ ವಾರ್ಮ್‌ಅಪ್‌ನಲ್ಲೂ ಇದಿದೆ. ಮೊದಲ ವಾರ ಒಂದೇ ದಿನ, 5 ಸಲದಂತೆ 2 ಸೆಟ್ ಸಾಕು. ಆರಂಭದಲ್ಲಿ ನೋವು ಜಾಸ್ತಿ ಇರುತ್ತದೆ, ಪಂದ್ಯದ ಹಿಂದಿನ ದಿನ ಖಂಡಿತ ಬೇಡ. ಈಗ ನಡೆಯುವಾಗಲೂ ನೋವಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ, ದಯವಿಟ್ಟು.