ಹಂಪಿಯ ಕಲ್ಲು ಎಲ್ಲಿಂದ ಬಂತು?

ಪ್ರಶ್ನೆ: ಹೋದ ವರ್ಷ ಹಂಪಿಗೆ ಹೋಗಿದ್ದೆವು. ಗೈಡ್ ಎರಡೇ ಗಂಟೆಯಲ್ಲಿ ಎಲ್ಲ ತೋರಿಸಿ ಮುಗಿಸಿದರು. "ಇಷ್ಟೊಂದು ಕಲ್ಲು ಎಲ್ಲಿಂದ ತಂದ್ರು?" ಅಂತ ಮಗಳು ಕೇಳಿದಳು, ಉತ್ತರ ಸಿಗಲಿಲ್ಲ. ದಸರಾ ರಜೆಗೆ ಮತ್ತೆ ಹೊರಟಿದ್ದೇವೆ. ಆ ಕಾಲದ ಕಲ್ಲುಗಣಿ ನೋಡಲು ಸಿಗುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಕೇಳಿದ್ದು ತುಂಬಾ ಒಳ್ಳೆ ಪ್ರಶ್ನೆ. ಗಣಿ ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ, ಹಂಪಿಯಲ್ಲಿ ಊರೇ ಗಣಿ. ಗುಡಿಯ ಪಕ್ಕದ ಬಂಡೆಯನ್ನೇ ಸೀಳಿ ಕಂಬ, ತೊಲೆ, ಚಪ್ಪಡಿ ಮಾಡಿಕೊಂಡಿದ್ದಾರೆ.

ಬೆಳಿಗ್ಗೆ ಬಿಸಿಲೇರುವ ಮೊದಲು ಹೇಮಕೂಟ ಹತ್ತಿ. ಅಲ್ಲಿ ಕೆಳಗೆ ನೋಡಿಕೊಂಡು ನಡೆಯಿರಿ. ಬಂಡೆಯ ಮೇಲೆ ಹೊಲಿಗೆ ಹಾಕಿದ ಹಾಗೆ ಚಿಕ್ಕ ಚಿಕ್ಕ ಚೌಕದ ಕುಳಿಗಳ ಸಾಲು ಕಾಣುತ್ತದೆ. ಉಳಿಯಲ್ಲಿ ಈ ಕುಳಿ ಕೊರೆದು, ಒಂದೊಂದಕ್ಕೂ ಬೆಣೆ ಇಟ್ಟು, ಸಾಲು ಹಿಡಿದು ಹೊಡೆಯುತ್ತಾ ಹೋದರೆ ಬಂಡೆ ಅದೇ ಗೆರೆಯಲ್ಲಿ ಸೀಳುತ್ತದೆ. ಮರದ ಬೆಣೆ ಜಡಿದು ನೀರು ಹಾಕಿ ಉಬ್ಬಿಸುತ್ತಿದ್ದರು ಅಂತಲೂ ಗೈಡ್‌ಗಳು ಹೇಳುತ್ತಾರೆ. ಕಬ್ಬಿಣದ ಬೆಣೆ ಹೊಡೆದು ಸೀಳುವ ಕಲ್ಲುಕುಟಿಗರು ನಮ್ಮಲ್ಲಿ ಇವತ್ತಿಗೂ ಇದ್ದಾರೆ. ಸೀಳಿದ ಬಂಡೆಯ ಅಂಚಿನಲ್ಲಿ ಅರ್ಧ ಕುಳಿಗಳು ಹಲ್ಲಿನ ಹಾಗೆ ಉಳಿದಿರುತ್ತವೆ. ಕೆಲವು ಕಡೆ ಕುಳಿ ಕೊರೆದು ಹಾಗೇ ಬಿಟ್ಟಿದ್ದಾರೆ, ಬಂಡೆ ಸೀಳಿಯೇ ಇಲ್ಲ. ನನಗಂತೂ ಕಲ್ಲಿನ ರಥಕ್ಕಿಂತ ಅವೇ ಜಾಸ್ತಿ ಇಷ್ಟ. ಮಗಳಿಗೆ ಒಂದು ಕುಳಿಯೊಳಗೆ ಬೆರಳಿಟ್ಟು ನೋಡಲು ಹೇಳಿ.

ಅಲ್ಲಿಂದ ಇಳಿದು ಉಗ್ರನರಸಿಂಹನ ಹತ್ತಿರ ಹೋಗಿ. 6.7 ಮೀಟರ್ ಎತ್ತರ, 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ, ಬಂಡೆ ಇದ್ದ ಜಾಗದಲ್ಲೇ ಕಡೆದದ್ದು. ಕಲ್ಲಿನ ರಥ ಹಾಗಲ್ಲ. ₹50ರ ನೋಟಿನಲ್ಲಿ ನೋಡಿ ಅದೂ ಒಂದೇ ಕಲ್ಲು ಅಂದುಕೊಳ್ಳುತ್ತೇವೆ, ಆದರೆ ಅದು ಬೇರೆ ಬೇರೆ ಕಲ್ಲುಗಳನ್ನು ಜೋಡಿಸಿದ್ದು. ಸಂದು ಎಲ್ಲಿದೆ ಅಂತ ಮಗಳೇ ಹುಡುಕಲಿ.

ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಯನ್ನು ಮಾತ್ರ ಬಿಡಬೇಡಿ. ಅದು ಹಂಪಿಯ ಬಂಡೆಯಲ್ಲ, ನುಣುಪಾದ ಕಪ್ಪು ಕಲ್ಲು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಅಂತ ಕಲ್ಲಿನ ಮೇಲೇ ಗುರುತು ಕೊರೆದಿದ್ದಾರೆ, ಅಂದರೆ ಮೊದಲೇ ಅಳತೆಗೆ ಕಡೆದು, ತಂದು ಇಲ್ಲಿ ಜೋಡಿಸಿದ್ದಾರೆ. 1980ರ ದಶಕದ ಉತ್ಖನನದಲ್ಲಿ ಇದು ಮಣ್ಣಿನಿಂದ ಹೊರಬಂತು.

ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡನ್ನೇ ಕರೆದುಕೊಳ್ಳಿ. ಹೊರಡುವ ಮೊದಲೇ "ಕಲ್ಲು ಸೀಳಿದ ಗುರುತು ತೋರಿಸ್ತೀರಾ?" ಅಂತ ಕೇಳಿಬಿಡಿ. ಎರಡು ಗಂಟೆಗೆ ಒಪ್ಪಬೇಡಿ, ಇಡೀ ದಿನಕ್ಕೆ ಮಾತಾಡಿ. ಮಧ್ಯಾಹ್ನ ಬಂಡೆ ಕಾದು ಕಾಲಿಡಲು ಆಗುವುದಿಲ್ಲ, ಆ ಹೊತ್ತಿಗೆ ಕಮಲಾಪುರದ ಮ್ಯೂಸಿಯಂಗೆ ಹೋಗಿ. ಅಲ್ಲಿ ಇಡೀ ಹಂಪಿಯ ಮಾದರಿ ಇದೆ, ಬೆಳಿಗ್ಗೆ ನಡೆದ ದಾರಿಯನ್ನು ಮಗಳೇ ಬೆರಳು ಮಾಡಿ ತೋರಿಸಬಹುದು.